ಪುಡಿಯಾಗಿ ಬಂದ ಪರದೇಶಿ

ಏಪ್ರಿಲ್ ತಿಂಗಳ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹಳೇ ದಿಲ್ಲಿಯ ಜಾಮಾ ಮಸೀದಿ ಬಳಿಯ ಬಣ್ಣದ ಮೀನಿನ ಅಂಗಡಿಗೆ ಹೋಗಿದ್ದೆ. ದ್ವಾರಕಾದ ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಗಪ್ಪಿ ಮೀನು ಮರಿ ಹಾಕಿತ್ತು. ಆ ಮರಿಗಳ ಪುಟ್ಟ ಬಾಯಿಗೆ ಹಿಡಿಸುವ ತಿನಿಸು ಬೇಕಿತ್ತು. ಅಂಗಡಿಯವನು ಬೆರಳುದ್ದದ ಪ್ಲಾಸ್ಟಿಕ್ ಪೊಟ್ಟಣ ಕೈಗಿತ್ತ. ಒಳಗೆ ಕಂದು ಬಣ್ಣದ ಪುಡಿ. ಬೆರಳಲ್ಲಿ ಉಜ್ಜಿದರೆ ರಾಗಿ ಹಿಟ್ಟಿಗಿಂತ ತುಸು ತರಿ. ಮೂಗಿಗೆ ಹಿಡಿದರೆ ಒಣಮೀನಿನ ಸಣ್ಣ ವಾಸನೆ. "ಉಪ್ಪು ನೀರಿಗೆ ಹಾಕಿ, ಗಾಳಿ ಬಿಡಿ, ನಾಳೆ ನೋಡಿ" ಎಂದ.

ಮನೆಗೆ ಬಂದು ಒಂದು ಲೀಟರ್ ನೀರಿಗೆ ಎರಡು ಚಮಚ ಕಲ್ಲುಪ್ಪು ಕರಗಿಸಿ, ಚಿಟಿಕೆ ಪುಡಿ ಉದುರಿಸಿ, ಗಾಳಿಯ ಕೊಳವೆ ಇಳಿಬಿಟ್ಟೆವು. ಮರುದಿನ ಬೆಳಗ್ಗೆ ಗಾಳಿ ನಿಲ್ಲಿಸಿ ಬಾಟಲಿಯ ಒಂದು ಬದಿಗೆ ಟಾರ್ಚ್ ಹಿಡಿದಾಗ ಕಿತ್ತಳೆ ಬಣ್ಣದ ನೂರಾರು ಚುಕ್ಕೆಗಳು ಕುಪ್ಪಳಿಸುತ್ತ ಬಂದು ಬೆಳಕಿನ ಬಳಿ ಗುಂಪುಗೂಡಿದವು. ಟಾರ್ಚನ್ನು ಆಚೆ ಬದಿಗೆ ಸರಿಸಿದರೆ ಇಡೀ ಗುಂಪೇ ಆಚೆ ಬದಿಗೆ ಹೊರಟಿತು. "ಅಪ್ಪಾ, ಪುಡಿಗೆ ಜೀವ ಬಂತು!" ಎಂದಳು ಮಗಳು.

ಆ ಪುಡಿಯ ಒಂದೊಂದು ಕಣವೂ ಒಂದೊಂದು ಮೊಟ್ಟೆ. ಆರ್ಟೀಮಿಯಾ ಎಂಬ, ಸಿಗಡಿಯ ದೂರದ ನೆಂಟನ ಮೊಟ್ಟೆ. ಏಡಿ, ಸಿಗಡಿಗಳಂತೆಯೇ ಮೈಮೇಲೆ ಹೊರಕವಚ ಹೊತ್ತು, ಬೆಳೆದಂತೆಲ್ಲ ಹಳೆಯದನ್ನು ಕಳಚಿ ಹೊಸದು ತೊಡುವ ಕಠಿಣಚರ್ಮಿಗಳ ಕುಲ ಇದರದ್ದು. ಪೂರ್ತಿ ಬೆಳೆದರೆ ಒಂದು ಸೆಂಟಿಮೀಟರ್ ಉದ್ದ. ಮೊಟ್ಟೆಯ ಅಗಲ ಮಿಲಿಮೀಟರಿನ ಕಾಲು ಭಾಗ. ಒಂದು ಗ್ರಾಂ ಪುಡಿಯಲ್ಲಿ ಎರಡರಿಂದ ಮೂರು ಲಕ್ಷ ಮೊಟ್ಟೆಗಳಿರುತ್ತವೆ. ಕೆರೆ ಬತ್ತಿ ಉಪ್ಪು ಹೆಪ್ಪುಗಟ್ಟಿದರೂ ಒಣಗಿದ ಮೊಟ್ಟೆಯೊಳಗಿನ ಜೀವ ವರ್ಷಗಟ್ಟಲೆ ಮಲಗಿರುತ್ತದೆ, ನೀರು ಸಿಕ್ಕಿದ ದಿನ ಏಳುತ್ತದೆ. ಹಕ್ಕಿಯ ಕಾಲಿಗೆ ಅಂಟಿಕೊಂಡು ಹೋಗುತ್ತದೆ. ಹಕ್ಕಿ ನುಂಗಿದರೆ ಹೊಟ್ಟೆಯೊಳಗೂ ಸಾಯದೆ ಹಿಕ್ಕೆಯಲ್ಲಿ ಹೊರಬಂದು ಇನ್ನೊಂದು ಉಪ್ಪುನೀರನ್ನು ಸೇರಿಕೊಳ್ಳುತ್ತದೆ. ಮನುಷ್ಯನಿಗಂತೂ ಡಬ್ಬಿಯಲ್ಲಿ ತುಂಬಿ ವಿಮಾನಕ್ಕೆ ಹಾಕಿದರಾಯಿತು.

ಪೊಟ್ಟಣದ ಮೇಲೆ ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್‌ನ ಹೆಸರಿತ್ತು. ಯೂಟಾ ರಾಜ್ಯದ ಆ ಉಪ್ಪಿನ ಸರೋವರ ಜಗತ್ತಿನ ಆರ್ಟೀಮಿಯಾ ವ್ಯಾಪಾರದ ತವರು. ಅಲ್ಲಿಯ ತಳಿಗೆ ಆರ್ಟೀಮಿಯಾ ಫ್ರಾನ್ಸಿಸ್ಕಾನಾ ಎಂದು ಹೆಸರು. ಅದು ಈಗ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಈಜುತ್ತಿತ್ತು. ಕಡಲ ಜೀವಿಗಳ ವಲಸೆಯ ಬಗ್ಗೆ ಕಡಲೇ ಇಲ್ಲದ ದಿಲ್ಲಿಯಲ್ಲಿ ಕೂತು ಬರೆಯುತ್ತಿರುವುದಕ್ಕೆ ಆ ಬಾಟಲಿಯೇ ಕಾರಣ.

ನನ್ನ ತಂದೆಯ ಊರು ಗೋಕರ್ಣದ ಹತ್ತಿರ, ಅಘನಾಶಿನಿಯ ದಡದಲ್ಲಿ. ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೋಡುತ್ತ ಬೆಳೆದವನು ನಾನು. ಕಡಲ ನೀರನ್ನು ಮಡಿಯಿಂದ ಮಡಿಗೆ ಹಾಯಿಸಿ ಬಿಸಿಲಿಗೆ ಬಿಟ್ಟರೆ ಅದು ದಿನದಿನಕ್ಕೆ ಗಡುಸಾಗುತ್ತ ಹೋಗುತ್ತದೆ. ಮೀನು ಬದುಕಲಾರದಷ್ಟು ಉಪ್ಪಾದ ಅಂಥ ನೀರೇ ಆರ್ಟೀಮಿಯಾಕ್ಕೆ ಸುರಕ್ಷಿತ ಮನೆ. ತಿನ್ನುವ ಮೀನಿಲ್ಲ, ಹಕ್ಕಿಯೊಂದೇ ಶತ್ರು. ಭಾರತದ ಉಪ್ಪುನೀರಿಗೂ ಅದರದೇ ಆರ್ಟೀಮಿಯಾ ಇತ್ತು. ದಿಲ್ಲಿಯಿಂದ ಜೈಪುರ ದಾಟಿದರೆ ಸಿಗುವ ಸಾಂಭರ್ ಸರೋವರದಲ್ಲಿ ಅದು ಇರುವುದು 1958ರಲ್ಲೇ ವರದಿಯಾಗಿತ್ತು. ನಮ್ಮ ಈ ತಳಿಯಲ್ಲಿ ಎಲ್ಲವೂ ಹೆಣ್ಣು. ಗಂಡಿನ ಹಂಗಿಲ್ಲದೆ ಹೆಣ್ಣೇ ಹೆಣ್ಣುಮರಿ ಹಾಕಿ ವಂಶ ನಡೆಸುತ್ತದೆ.

ಅಂಥ ನೆಲೆಗಳಿಗೆ ಅಮೆರಿಕದ ತಳಿ ಬಂದು ಸೇರಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿದೆ. ಭಾರತದ ಉಪ್ಪಿನ ಆಗರಗಳಲ್ಲಿ ಫ್ರಾನ್ಸಿಸ್ಕಾನಾ ಬೇರು ಬಿಟ್ಟು ನಾಡಿನ ತಳಿಯನ್ನು ಹೊರದೂಡುತ್ತಿದೆ, ಅದು ಬಂದ ದಾರಿ ಜಲಕೃಷಿಯದ್ದು ಎಂದು ಅವರು ಹೇಳಿದರು. ಸ್ಪೇನ್, ಪೋರ್ಚುಗಲ್, ಫ್ರಾನ್ಸ್‌ಗಳ ಆಗರಗಳಲ್ಲಿ ಇದು ಮೊದಲೇ ನಡೆದುಹೋಗಿತ್ತು. ಅಮೆರಿಕದ ತಳಿ ಬೇಗ ಬೆಳೆಯುತ್ತದೆ, ಹೆಚ್ಚು ಮರಿ ಹಾಕುತ್ತದೆ. ರೋಗದ ಲೆಕ್ಕದಲ್ಲೂ ಅದಕ್ಕೆ ಅನುಕೂಲ. ನೀರಹಕ್ಕಿಗಳ ಹೊಟ್ಟೆ ಸೇರಬೇಕಾದ ಲಾಡಿಹುಳುಗಳು ತಮ್ಮ ಬಾಲ್ಯವನ್ನು ಆರ್ಟೀಮಿಯಾದ ಮೈಯೊಳಗೆ ಕಳೆಯುತ್ತವೆ. ಹುಳು ಹೊಕ್ಕ ಆರ್ಟೀಮಿಯಾ ಕೆಂಪಾಗುತ್ತದೆ, ನೀರಿನ ಮೇಲ್ಪದರಕ್ಕೆ ಬಂದು ಹಕ್ಕಿಯ ಕಣ್ಣಿಗೆ ಸುಲಭವಾಗಿ ಬೀಳುತ್ತದೆ. ಸ್ಪೇನ್‌ನಲ್ಲಿ ನಡೆದ ಅಧ್ಯಯನಗಳಲ್ಲಿ ಈ ಹುಳು ಸ್ಥಳೀಯ ತಳಿಯನ್ನು ಹಿಡಿದಷ್ಟು ಹೊರಗಿನ ತಳಿಯನ್ನು ಹಿಡಿದಿರಲಿಲ್ಲ. ಒಂದೇ ಆಗರದಲ್ಲಿ ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ಆರೋಗ್ಯ. ಉಳಿಯುವವರು ಯಾರೆಂದು ಹೇಳಬೇಕಾಗಿಲ್ಲ.

ಒಂದು ಸೆಂಟಿಮೀಟರಿನ ಹುಳುವಿನಂಥ ಜೀವಿ ಹೋದರೆ ನಮಗೇನು ನಷ್ಟ ಎಂದು ಕೇಳುವವರಿದ್ದಾರೆ. ಸಾವಿರಾರು ವರ್ಷ ಈ ನೆಲದ ಬಿಸಿಲು, ಮಳೆ, ಹಕ್ಕಿಗಳ ಜೊತೆ ಹೊಂದಿಕೊಂಡು ಬಾಳಿದ ಒಂದು ವಂಶ ಅದು. ಅದರ ಕೊನೆಯ ಆಗರವೂ ಹೋದರೆ ಯಾವ ಪ್ರಯೋಗಾಲಯವೂ ಅದನ್ನು ಮತ್ತೆ ಸೃಷ್ಟಿಸಲಾರದು. ನನಗೆ ಈ ನಷ್ಟ ದೊಡ್ಡದು. ಆದರೆ ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಆ ಪುಡಿ ಇಲ್ಲಿಗೆ ಯಾಕೆ ಬಂತು ಎಂದು ನೋಡಿದರೆ ಕಥೆ ನಮ್ಮ ಊಟದ ತಟ್ಟೆಯವರೆಗೂ ಬರುತ್ತದೆ.

ಸಿಗಡಿ ಮರಿಗಳಿಗೆ ಮೊದಲ ದಿನಗಳ ಎದೆಹಾಲಿನಂಥ ಆಹಾರ ಆರ್ಟೀಮಿಯಾ. ಚೆನ್ನೈಯಿಂದ ವಿಶಾಖಪಟ್ಟಣದವರೆಗೆ ಪೂರ್ವ ಕರಾವಳಿಯುದ್ದಕ್ಕೂ ಇರುವ ಮರಿ ಉತ್ಪಾದನಾ ಕೇಂದ್ರಗಳಲ್ಲಿ ಈ ಡಬ್ಬಿ ತೆರೆಯದೆ ಕೆಲಸ ಸಾಗುವುದಿಲ್ಲ. ಅಲ್ಲಿ ಹುಟ್ಟುವ ಮರಿಯೂ ಪರದೇಶದ್ದೇ. ಮೆಕ್ಸಿಕೊದಿಂದ ಪೆರುವರೆಗಿನ ಶಾಂತಸಾಗರದ ತೀರದ ವನ್ನಾಮಿ ಎಂಬ ಬಿಳಿಗಾಲಿನ ಸಿಗಡಿ ಅದು. ನಮ್ಮಲ್ಲಿ ಮೊದಲು ಸಾಕುತ್ತಿದ್ದುದು ಇಲ್ಲಿಯದೇ ಆದ ಟೈಗರ್ ಸಿಗಡಿಯನ್ನು. 1994ರ ಕೊನೆಗೆ ಬಿಳಿಚುಕ್ಕೆ ರೋಗದ ವೈರಾಣು ಭಾರತಕ್ಕೆ ಕಾಲಿಟ್ಟು ಆ ಕೃಷಿಯ ಬೆನ್ನು ಮುರಿಯಿತು. 2003ರಲ್ಲಿ ಪ್ರಾಯೋಗಿಕವಾಗಿ ವನ್ನಾಮಿಯನ್ನು ತರಿಸಿ, ಅಪಾಯಗಳನ್ನು ತೂಗಿ ನೋಡಿ, 2009ರಲ್ಲಿ ಕೇಂದ್ರ ಸರ್ಕಾರ ಅದನ್ನು ಸಾಕಲು ಅನುಮತಿ ಕೊಟ್ಟಿತು. 2023-24ರಲ್ಲಿ ಭಾರತದ ಸಾಗರೋತ್ಪನ್ನಗಳ ರಫ್ತು 60,523 ಕೋಟಿ ರೂಪಾಯಿ. ಅದರಲ್ಲಿ ಹೆಪ್ಪುಗಟ್ಟಿಸಿದ ಸಿಗಡಿಯ ಪಾಲೇ 40,013 ಕೋಟಿ. ಅದರ ಬಹುಭಾಗ ವನ್ನಾಮಿ. ದಿಲ್ಲಿಯ ಐಎನ್‌ಎ ಮಾರ್ಕೆಟ್ಟಿನಲ್ಲಿ ನಾನು ಊರಿನ ಶೆಟ್ಲಿಯ (ಸಿಗಡಿಯ) ನೆನಪಿನಲ್ಲಿ ಕೊಂಡು ತರುವುದೂ ಸಾಮಾನ್ಯವಾಗಿ ಅದನ್ನೇ.

ಈ ಕಡಲ ಜೀವಿ ಈಗ ರಾಷ್ಟ್ರ ರಾಜಧಾನಿ ವಲಯಕ್ಕೂ ಬಂದಿದೆ. ರೋಹ್ತಕ್, ಝಜ್ಜರ್ ಕಡೆಯ ಹೊಲಗಳಲ್ಲಿ ಕಾಲುವೆ ನೀರಾವರಿಯಿಂದ ಅಂತರ್ಜಲ ಮೇಲೆದ್ದು, ಉಪ್ಪನ್ನೂ ಹೊತ್ತು ತಂದು, ನೆಲ ಜವುಗಾಗಿ ಸವಳಾಗಿದೆ. ಹರಿಯಾಣದ ರೈತರು ಇದಕ್ಕೆ 'ಸೇಮ್' ಎನ್ನುತ್ತಾರೆ. ರೋಹ್ತಕ್ ಜಿಲ್ಲೆಯ ಲಾಹ್ಲಿಯಲ್ಲಿ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯ ಕೇಂದ್ರವಿದೆ. ಅಲ್ಲಿಯ ವಿಜ್ಞಾನಿಗಳು ಈ ಉಪ್ಪು ಅಂತರ್ಜಲದಲ್ಲೇ ವನ್ನಾಮಿ ಬೆಳೆಯಬಹುದೆಂದು ತೋರಿಸಿಕೊಟ್ಟರು.

ಹೋದ ವರ್ಷ ಒಬ್ಬ ರೈತರ ಕೊಳ ನೋಡಲು ಹೋಗಿದ್ದೆ. ವಯಸ್ಸು ಎಪ್ಪತ್ತರ ಹತ್ತಿರ. ಎಲ್ಲರೂ ಅವರನ್ನು 'ತಾಊ' (ದೊಡ್ಡಪ್ಪ) ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಕೊಳದ ಏರಿಯ ಮೇಲೆ ಸುಣ್ಣ ಬಳಿದಂತೆ ಉಪ್ಪಿನ ಬಿಳಿ ಪದರ. ನೀರಿನ ನಡುವೆ ಗಾಳಿಚಕ್ರಗಳು ನೀರು ಚಿಮ್ಮಿಸುತ್ತಿದ್ದವು. ತಾಊ ಹಗ್ಗ ಎಳೆದು ಮೇವಿನ ತಟ್ಟೆಯನ್ನು ಮೇಲೆತ್ತಿದರು. ಅದನ್ನು ಚೆಕ್ ಟ್ರೇ ಎನ್ನುತ್ತಾರೆ. ಬಲೆಯ ಮೇಲೆ ಹತ್ತಾರು ಸಿಗಡಿಗಳು ಪಟಪಟ ಹಾರಿದವು. ಗಾಜಿನಂಥ ಮೈ, ಅದರೊಳಗೆ ಕಪ್ಪು ದಾರದಂತೆ ಕಾಣುವ ಕರುಳು, ಮೈಗಿಂತ ಉದ್ದದ ಕೆಂಪು ಮೀಸೆ. "ಕರುಳು ತುಂಬಿದೆ, ಮೇವು ತಿಂದಿವೆ" ಎಂದು ತಟ್ಟೆಯನ್ನು ಮತ್ತೆ ಇಳಿಬಿಟ್ಟರು.

ಏರಿಯ ಮೇಲೆ ಪೊಟ್ಯಾಷ್ ಗೊಬ್ಬರದ ಚೀಲಗಳಿದ್ದವು. ಕೊಳಕ್ಕೇಕೆ ಗೊಬ್ಬರ ಎಂದು ಕೇಳಿದೆ. ಕಡಲ ನೀರಿನಲ್ಲಿ ಸುಮಾರು 28 ಪಾಲು ಸೋಡಿಯಂಗೆ ಒಂದು ಪಾಲು ಪೊಟ್ಯಾಸಿಯಂ ಇರುತ್ತದೆ. ನೆಲದಡಿಯ ಉಪ್ಪುನೀರಿನಲ್ಲಿ ಸೋಡಿಯಂ ಇದ್ದರೂ ಪೊಟ್ಯಾಸಿಯಂ ತೀರ ಕಡಿಮೆ. ಅದಿಲ್ಲದೆ ಸಿಗಡಿ ಸೆಟೆದುಕೊಂಡು ಸಾಯುತ್ತದೆ. ಹಾಗಾಗಿ ಗೋಧಿಗೆ ಹಾಕುತ್ತಿದ್ದ ಅದೇ ಪೊಟ್ಯಾಷನ್ನು ನೀರಿಗೆ ಸುರಿದು ಇಲ್ಲಿ ಕಡಲನ್ನು ಕಲೆಸಿ ಮಾಡುತ್ತಾರೆ. ಮರಿಗಳು ಆಮ್ಲಜನಕ ತುಂಬಿದ ಪಾಲಿಥೀನ್ ಚೀಲಗಳಲ್ಲಿ ದಕ್ಷಿಣದಿಂದ ವಿಮಾನದಲ್ಲಿ ದಿಲ್ಲಿಗೆ ಬಂದು, ಅಲ್ಲಿಂದ ರಾತ್ರೋರಾತ್ರಿ ವ್ಯಾನಿನಲ್ಲಿ ಕೊಳಕ್ಕೆ ಹೋಗುತ್ತವೆ. ಬೇಸಿಗೆಯ ಆರಂಭದಲ್ಲಿ ಬಿಟ್ಟು, ಮೂರೂವರೆ ನಾಲ್ಕು ತಿಂಗಳು ಬೆಳೆಸಿ, ಉತ್ತರದ ಚಳಿ ಇಳಿಯುವ ಮೊದಲು ಹಿಡಿದು ಮಾರಬೇಕು. "ಈ ನೆಲದಲ್ಲಿ ಗೋಧಿ ಬಿತ್ತಿದರೆ ಬೀಜವೂ ವಾಪಸ್ ಬರುತ್ತಿರಲಿಲ್ಲ" ಎಂದರು ತಾಊ.

ಅವರ ಬದುಕು ಹಸನಾಗಿದ್ದು ನನಗೆ ಸಂತೋಷವೇ. ಹರಿಯಾಣ, ಪಂಜಾಬ್, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಇಂಥ ಕೃಷಿಗೆ 58,000 ಹೆಕ್ಟೇರ್ ಸವಳು ಪ್ರದೇಶ ಗುರುತಿಸಲಾಗಿದೆ, ಬಳಕೆಯಲ್ಲಿರುವುದು 2,608 ಹೆಕ್ಟೇರ್ ಮಾತ್ರ ಎಂದು ಕೇಂದ್ರ ಮೀನುಗಾರಿಕಾ ಇಲಾಖೆ 2025ರಲ್ಲಿ ಹೇಳಿದೆ. ಅಂದರೆ ಇದು ಇನ್ನೂ ಹಬ್ಬಲಿದೆ. ಹಬ್ಬುವ ಮೊದಲೇ ಕೇಳಬೇಕಾದ್ದನ್ನು ಕೇಳಬೇಕು. ವನ್ನಾಮಿಗೆ ಸಂತಾನ ಬೆಳೆಸಲು ಕಡಲೇ ಬೇಕು; ರೋಹ್ತಕ್‌ನ ಕೊಳದಿಂದ ತಪ್ಪಿಸಿಕೊಂಡರೂ ಅದು ಯಮುನೆಯಲ್ಲಿ ವಂಶ ಬೆಳೆಸಲಾರದು. ಅಷ್ಟರ ಮಟ್ಟಿಗೆ ಒಳನಾಡು ಸುರಕ್ಷಿತ. ಆದರೆ ಬೆಳೆ ತೆಗೆದ ಮೇಲೆ ಕೊಳದ ಉಪ್ಪುನೀರು ಹೋಗುವುದೆಲ್ಲಿಗೆ? ಪಕ್ಕದ ಹೊಲಕ್ಕೋ, ಚರಂಡಿಗೋ? ಆ ನೀರಿನೊಂದಿಗೆ ಹೋಗುವ ರೋಗಾಣುವಿನ ಗತಿ ಏನು? ಕರಾವಳಿಯ ಕೊಳಗಳಲ್ಲಂತೂ ಪ್ರಶ್ನೆ ಇನ್ನೂ ತೀಕ್ಷ್ಣ. ಅಲ್ಲಿ ಒಡ್ಡು ಒಡೆದರೆ ಮುಂದೆ ಇರುವುದು ಕಡಲೇ.

ಬಿಳಿಚುಕ್ಕೆ ರೋಗವನ್ನೇ ನೋಡಿ. ಆ ವೈರಾಣುವನ್ನು ಯಾರೂ ಬೇಕೆಂದು ತರಲಿಲ್ಲ. ಏಷ್ಯಾದುದ್ದಕ್ಕೂ ಜೀವಂತ ಸಿಗಡಿಯ ವ್ಯಾಪಾರದ ಬೆನ್ನೇರಿ ಅದು ಬಂತು. ಕೊಳದ ಸಿಗಡಿಯನ್ನು ಕೊಂದು ಅದು ಸುಮ್ಮನಾಗಲಿಲ್ಲ. ಕಡಲಿನ ಸಿಗಡಿ, ಏಡಿಗಳ ಮೈಯಲ್ಲೂ ಮನೆ ಮಾಡಿತು. ನಮ್ಮ ಕುಮಟಾ ಕಡೆಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಕೊಯ್ಲಾದ ಮೇಲೆ ಭರತದ ನೀರಿನೊಂದಿಗೆ ತಾನಾಗಿ ಬಂದ ಸಿಗಡಿ ಎಂಬ ಪದ್ಧತಿಯಿತ್ತು. ತೊಂಬತ್ತರ ದಶಕದ ಸಿಗಡಿ ಕೃಷಿಯ ಭರಾಟೆಯಲ್ಲಿ ಎಷ್ಟೋ ಗಜನಿಗಳಲ್ಲಿ ಕಗ್ಗ ನಿಂತೇ ಹೋಯಿತು. ಆಮೇಲೆ ರೋಗ ಬಂತು. ಭತ್ತ ಬಿಟ್ಟವರಿಗೆ ಸಿಗಡಿಯೂ ಕೈಕೊಟ್ಟಿತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಇದೇ ದಿಲ್ಲಿಯಲ್ಲಿ ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಉದ್ಯಮದ ಕೊಳಗಳನ್ನು ತೆರವು ಮಾಡಲು ಆದೇಶಿಸಿತು. ಆದೇಶದಿಂದ ಕೊಳ ತೆರವಾಗಬಹುದು. ಕಡಲಿಗೆ ಸೇರಿದ ವೈರಾಣು ತೆರವಾಗುವುದಿಲ್ಲ.

ಇದು ಒಂದೇ ದಿಕ್ಕಿನ ಸಂಚಾರವಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಕಡಲಿನ ಟೈಗರ್ ಸಿಗಡಿಯನ್ನು ಅಮೆರಿಕದ ಸೌತ್ ಕೆರೊಲಿನಾದ ಸಂಶೋಧನಾ ಕೇಂದ್ರವೊಂದರಲ್ಲಿ ಸಾಕಿದ್ದರು. 1988ರಲ್ಲಿ ಅಲ್ಲಿಂದ ಸುಮಾರು ಎರಡು ಸಾವಿರ ಸಿಗಡಿಗಳು ತಪ್ಪಿಸಿಕೊಂಡವು. 2006ರ ನಂತರ ಮೆಕ್ಸಿಕೊ ಕೊಲ್ಲಿಯಲ್ಲೂ ಅಟ್ಲಾಂಟಿಕ್ ತೀರದಲ್ಲೂ ಅಲ್ಲಿಯ ಮೀನುಗಾರರ ಬಲೆಗೆ ಟೈಗರ್ ಸಿಗಡಿ ಬೀಳತೊಡಗಿತು. ನಮ್ಮಲ್ಲಿ ನೆಂಟನಂತಿದ್ದದ್ದು ಅಲ್ಲಿ ಆಕ್ರಮಣಕಾರಿ. ಯಾವ ಜೀವಿಯೂ ಹುಟ್ಟಿನಿಂದ ದುಷ್ಟವಲ್ಲ. ತನ್ನ ಊರಿನಲ್ಲಿ ಅದಕ್ಕೆ ಶತ್ರುವಿದೆ, ರೋಗವಿದೆ, ಪೈಪೋಟಿಯಿದೆ. ಹೊಸ ಊರಿನಲ್ಲಿ ಅವು ಯಾವುವೂ ಇಲ್ಲದಾಗ ಅದು ಮಿತಿ ಮೀರುತ್ತದೆ.

ಈ ಸಿಗಡಿ, ಆರ್ಟೀಮಿಯಾಗಳು ಮನುಷ್ಯ ಕೈಯಾರೆ ಒಯ್ದವು. ಇನ್ನು ತಿಳಿಯದೆ ಒಯ್ಯುವವು. ಸರಕು ಇಳಿಸಿದ ಹಡಗು ಹಗುರಾಗಿ ಅಲೆಗೆ ವಾಲುತ್ತದೆ. ವಾಲದಿರಲು ಅದು ತನ್ನ ತೊಟ್ಟಿಗಳಿಗೆ ಆ ಬಂದರಿನ ನೀರನ್ನೇ ತುಂಬಿಕೊಳ್ಳುತ್ತದೆ. ಮುಂದಿನ ಬಂದರಿನಲ್ಲಿ ಸರಕು ಹೇರುವಾಗ ಆ ನೀರನ್ನು ಹೊರಗೆ ಬಿಡುತ್ತದೆ. ಇದೇ ಬ್ಯಾಲಸ್ಟ್ ನೀರು. ಕುದುರೆಮುಖದ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ಕೆಸರಾಗಿ ಹರಿದು ಪಣಂಬೂರಿಗೆ ಬಂದು ಹಡಗೇರುತ್ತಿದ್ದ ಕಾಲವನ್ನು ಕರಾವಳಿಯವರು ಮರೆತಿಲ್ಲ. ಅದಿರು ಒಯ್ಯಲು ಬರುವ ಹಡಗು ಖಾಲಿ ಬರುತ್ತದೆ. ಖಾಲಿ ಎಂದರೆ ಹೊಟ್ಟೆ ತುಂಬ ಇನ್ಯಾವುದೋ ದೇಶದ ಬಂದರಿನ ನೀರು. ನಾವು ಒಂದು ಟನ್ ಅದಿರು ಕೊಟ್ಟು, ಜೊತೆಗೆ ಪರದೇಶದ ನೀರನ್ನು ಇಳಿಸಿಕೊಂಡೆವು.

ಆ ನೀರಿನಲ್ಲಿ ಏನಿರುತ್ತದೆ? ಏಡಿ, ಸಿಗಡಿ, ಬಾರ್ನಕಲ್‌ಗಳೆಲ್ಲ ಬಾಲ್ಯದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕವಾಗಿ, ನೀರಿನಲ್ಲಿ ತೇಲುತ್ತ, ದಿನಗಟ್ಟಲೆ, ಕೆಲವು ವಾರಗಟ್ಟಲೆ ಕಳೆಯುತ್ತವೆ. ಸಾಗರ ದಾಟಲು ಹಡಗಿಗೂ ಅಷ್ಟೇ ದಿನ ಬೇಕು. ಬಾರ್ನಕಲ್ ಅಂದರೆ ಧಕ್ಕೆಯ ಕಂಬಗಳಿಗೆ, ದೋಣಿಯ ತಳಕ್ಕೆ ಅಂಟಿಕೊಂಡಿರುವ, ಬರಿಗಾಲು ಕೊಯ್ಯುವ ಸುಣ್ಣದ ಗೂಡುಗಳು. ನೋಡಲು ಕಪ್ಪೆಚಿಪ್ಪಿನ ತಮ್ಮನಂತಿದ್ದರೂ ಅದು ಏಡಿ, ಸಿಗಡಿಗಳ ಕುಲದ್ದೇ. ಮರಿ ನೀರಿನಲ್ಲಿ ತೇಲಿ ತೇಲಿ ಜಾಗ ಹುಡುಕುತ್ತದೆ. ಸಿಕ್ಕ ಮೇಲೆ ತಲೆಯನ್ನೇ ಅಂಟಿನಿಂದ ಕಚ್ಚಿಸಿ ತಲೆಕೆಳಗಾಗಿ ನಿಂತು, ಗರಿಯಂಥ ಕಾಲುಗಳನ್ನು ಬೀಸಿ ಆಹಾರ ಬಾಚಿಕೊಳ್ಳುತ್ತ ಇಡೀ ಆಯುಸ್ಸನ್ನು ಅಲ್ಲೇ ಕಳೆಯುತ್ತದೆ. ಆ ಜಾಗ ಹಡಗಿನ ತಳವಾದರೆ ಕೂತಲ್ಲಿಂದಲೇ ದೇಶ ಸುತ್ತುತ್ತದೆ. ಭಟ್ಕಳ, ಹೊನ್ನಾವರಗಳಿಗೆ ಅರಬ್ಬಿ ಕುದುರೆಗಳನ್ನು ಹೊತ್ತು ಬಂದ ಮರದ ಹಡಗುಗಳ ತಳದಲ್ಲೂ ಇಂಥವು ಇದ್ದಿರಲೇಬೇಕು. ಹಾಗಾಗಿಯೇ ಕೆಲವು ಬಾರ್ನಕಲ್‌ಗಳು ಮೂಲತಃ ಯಾವ ಕಡಲಿನವು ಎಂದು ಖಚಿತವಾಗಿ ಹೇಳಲು ವಿಜ್ಞಾನಿಗಳೂ ಹಿಂಜರಿಯುತ್ತಾರೆ.

ಬೇರೆ ದೇಶಗಳಲ್ಲಿ ದಾಖಲೆ ಸ್ಪಷ್ಟವಾಗಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ಪುಟ್ಟ ಬಾರ್ನಕಲ್ ಒಂದು ಎರಡನೇ ಮಹಾಯುದ್ಧದ ಕಾಲದ ಹಡಗುಗಳ ಜೊತೆ ಬ್ರಿಟನ್ನಿಗೆ ಬಂತು. ಈಗ ಯುರೋಪಿನ ತೀರಗಳಲ್ಲಿ ಹರಡಿಕೊಂಡಿದೆ. ಜಪಾನ್ ಕಡೆಯ ಅಸ್ಥಿಪಂಜರ ಸಿಗಡಿ ಕಡ್ಡಿಹುಳುವಿನಂತೆ ಕಡಲಕಳೆಯ ಮೇಲೆ ನಿಂತು ತೂಗಾಡುವ ಕೆಲವೇ ಸೆಂಟಿಮೀಟರಿನ ಜೀವಿ. ಅದು 1995ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ಯುರೋಪಿನ ಬಂದರು, ಮೀನು ಸಾಕಣೆಯ ಬಲೆಗಳನ್ನು ಆವರಿಸಿತು. ಯುರೋಪಿನ ಹಸಿರು ಏಡಿ 1817ರ ಹೊತ್ತಿಗೇ ಅಮೆರಿಕದ ಪೂರ್ವ ತೀರದಲ್ಲಿತ್ತು. 1989ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ ಸೇರಿ, 2022ರಲ್ಲಿ ಅಲಾಸ್ಕಾ ತಲುಪಿತು. 2011ರ ಜಪಾನ್ ಸುನಾಮಿ ಕೊಚ್ಚಿಕೊಂಡು ಹೋದ ಪ್ಲಾಸ್ಟಿಕ್, ದೋಣಿ, ಧಕ್ಕೆಯ ತುಂಡುಗಳ ಮೇಲೆ ಶಾಂತಸಾಗರ ದಾಟಿ ಉತ್ತರ ಅಮೆರಿಕ, ಹವಾಯಿ ತೀರಗಳಿಗೆ ಬಂದ ಜಪಾನಿನ ಜೀವಿಗಳು 289 ಪ್ರಭೇದಗಳು ಎಂದು 2017ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಮರದ ದಿಮ್ಮಿ ಕೊಳೆತು ಮುಳುಗುತ್ತದೆ. ತೇಲುವ ಪ್ಲಾಸ್ಟಿಕ್ ಅಷ್ಟು ಬೇಗ ಮುಳುಗುವುದಿಲ್ಲ. ಕಡಲಿಗೆ ನಾವು ಎಸೆದ ಪ್ಲಾಸ್ಟಿಕ್ಕೂ ಹೀಗೆ ಒಂದು ಹಡಗೇ.

ಒಮ್ಮೆ ಬಂದದ್ದನ್ನು ಹೊರಹಾಕಲು ಆಗುವುದಿಲ್ಲವೇ? ಒಂದು ಬಂದರಿನಲ್ಲಿ ಆಯಿತು. ಅದು ಕಠಿಣಚರ್ಮಿಯ ಕಥೆಯಲ್ಲ, ಚಿಪ್ಪಿನ ಜೀವಿಯ ಕಥೆ. ಆದರೆ ಪಾಠ ಒಂದೇ. ಮಧ್ಯ ಅಮೆರಿಕ ಕಡೆಯ ಕಪ್ಪುಪಟ್ಟೆಯ ಮಳಿ 1999ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ನಗರದ ದೋಣಿ ತಂಗುದಾಣಗಳಲ್ಲಿ ಸಿಕ್ಕಿತು. ಅದಕ್ಕೆ ಆರು ತಿಂಗಳ ಹಿಂದಿನ ಸಮೀಕ್ಷೆಯಲ್ಲಿ ಅದು ಇರಲಿಲ್ಲ. ಆ ತಂಗುದಾಣಗಳಿಗೆ ನೀರು ತಡೆಯುವ ಬಾಗಿಲುಗಳಿದ್ದವು. ಬಾಗಿಲು ಮುಚ್ಚಿ, ನೂರಾರು ದೋಣಿಗಳನ್ನು ತಡೆದು, ಟನ್‌ಗಟ್ಟಲೆ ಕ್ಲೋರಿನ್ ದ್ರಾವಣ ಮತ್ತು ಮೈಲುತುತ್ತ ಸುರಿದು ವಾರಗಳಲ್ಲೇ ಅದನ್ನು ನಿರ್ಮೂಲ ಮಾಡಿದರು. ಇದೇ ಮಳಿ 1967ರಲ್ಲಿ ನಮ್ಮ ವಿಶಾಖಪಟ್ಟಣ ಬಂದರಿನಲ್ಲಿ ಕಂಡಿತ್ತು. ಆಮೇಲೆ ಮುಂಬೈಗೂ ಹಬ್ಬಿತು. ಇಂದಿಗೂ ಇದೆ. ಎರಡು ಬಂದರುಗಳ ನಡುವಿನ ವ್ಯತ್ಯಾಸ ಹಣದ್ದು ಮಾತ್ರವಲ್ಲ. ಒಂದು ಕಡೆ ಆರು ತಿಂಗಳಿಗೊಮ್ಮೆ ನೋಡುವವರಿದ್ದರು, ಮುಚ್ಚಲು ಬಾಗಿಲಿತ್ತು. ಡಾರ್ವಿನ್‌ನಲ್ಲೂ ಆ ಜೀವಿ ತೆರೆದ ಕಡಲಿಗೆ ಇಳಿದಿದ್ದರೆ ಯಾರ ಕೈಯಲ್ಲೂ ಏನೂ ಆಗುತ್ತಿರಲಿಲ್ಲ.

ಬಾಗಿಲಿನ ಕೆಲಸ ದಿಲ್ಲಿಯದ್ದು. ಯಾವ ಜೀವಿಯನ್ನು ತರಿಸಬಹುದು ಎಂಬ ಅನುಮತಿ ಕೇಂದ್ರ ಮೀನುಗಾರಿಕಾ ಇಲಾಖೆಯ ಕಡತಗಳಲ್ಲಿ ಹುಟ್ಟುತ್ತದೆ. ಪರಿಸರದ ಕಾನೂನು ಜೋರ್ ಬಾಗ್‌ನ ಇಂದಿರಾ ಪರ್ಯಾವರಣ ಭವನದಲ್ಲಿ ರೂಪುಗೊಳ್ಳುತ್ತದೆ. ಸಂಸತ್ತು 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು, ಆಕ್ರಮಣಕಾರಿ ಅನ್ಯದೇಶೀಯ ಪ್ರಭೇದ ಎಂದರೇನು ಎಂದು ಮೊದಲ ಬಾರಿಗೆ ಆ ಕಾಯ್ದೆಯಲ್ಲಿ ವ್ಯಾಖ್ಯಾನಿಸಿತು. ಅವುಗಳ ಆಮದನ್ನು ನಿಯಂತ್ರಿಸುವ, ನಿಷೇಧಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ವನ್ನಾಮಿ ತಾಯಿ ಸಿಗಡಿಗಳಿಗೆ ಚೆನ್ನೈಯ ನೀಲಾಂಕರೈಯಲ್ಲಿ ಪ್ರತ್ಯೇಕ ದಿಗ್ಬಂಧನ ಕೇಂದ್ರವಿದೆ. ಹೊರಗಿನಿಂದ ಬಂದ ಪ್ರತಿ ತಾಯಿಯೂ ಅಲ್ಲಿ ರೋಗಪರೀಕ್ಷೆ ದಾಟಿಯೇ ಒಳಬರಬೇಕು. ಇದು ನಾವು ಮಾಡಬಲ್ಲೆವು ಎಂಬುದಕ್ಕೆ ಸಾಕ್ಷಿ. ಆದರೆ ತಾಯಿ ಸಿಗಡಿಗೆ ಇರುವ ಎಚ್ಚರ ಅದರ ಮರಿಯ ತಿನಿಸಿಗೆ ಇರಲಿಲ್ಲ. ಆನೆ ಹೋದ ಬಾಗಿಲನ್ನು ಕಾಯುತ್ತ ಕೂತವರ ಕಾಲ್ಸಂದಿಯಲ್ಲೇ ಇರುವೆ ಹೋಯಿತು.

ಹಡಗುಗಳ ವಿಷಯದಲ್ಲೂ ನಿಯಮ ಇದೆ. ಬ್ಯಾಲಸ್ಟ್ ನೀರಿನ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ರೂಪುಗೊಂಡು 2017ರ ಸೆಪ್ಟೆಂಬರ್ 8ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಶುದ್ಧೀಕರಿಸಿ ಹೊರಬಿಡುವ ಪ್ರತಿ ಸಾವಿರ ಲೀಟರ್ ನೀರಿನಲ್ಲಿ, 50 ಮೈಕ್ರಾನ್‌ಗಿಂತ ದೊಡ್ಡ ಜೀವಿಗಳು ಹತ್ತಕ್ಕಿಂತ ಕಡಿಮೆ ಇರಬೇಕು. ಆರ್ಟೀಮಿಯಾದ ಮೊಟ್ಟೆ ಅದರ ನಾಲ್ಕೈದು ಪಟ್ಟು ದೊಡ್ಡದು ಎಂದರೆ ಈ ನಿಯಮ ಎಷ್ಟು ಬಿಗಿ ಎಂದು ಗೊತ್ತಾಗುತ್ತದೆ. ಜಾಗತಿಕ ಬ್ಯಾಲಸ್ಟ್ ಯೋಜನೆ ಶುರುವಾದಾಗ ಪ್ರಯೋಗಕ್ಕೆ ಆರಿಸಿದ ಆರು ಬಂದರುಗಳಲ್ಲಿ ಮುಂಬೈ ಒಂದಾಗಿತ್ತು; ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ತಜ್ಞರು ಬಂದರಿನಲ್ಲಿ ಯಾವ ಯಾವ ಜೀವಿಗಳಿವೆ ಎಂದು ಪಟ್ಟಿ ಮಾಡುವ ಕೆಲಸವನ್ನು ಕಲಿತು ಮುಂದುವರಿಸಿದರು. ನಮ್ಮಲ್ಲಿ ತಿಳಿವಳಿಕೆಯ ಕೊರತೆಯಿಲ್ಲ. ಬೇಕಾದದ್ದು ಪ್ರತಿ ದೊಡ್ಡ ಬಂದರಿನಲ್ಲೂ, ಪಣಂಬೂರಿನಲ್ಲೂ ಕಾರವಾರದಲ್ಲೂ, ವರ್ಷವರ್ಷವೂ ಬಿಡದೆ ನಡೆಯುವ ಸಮೀಕ್ಷೆ. ಜೊತೆಗೆ ಹಡಗಿನ ಕಾಗದಪತ್ರ ಮಾತ್ರ ನೋಡದೆ ತೊಟ್ಟಿಯ ನೀರಿನ ಮಾದರಿ ತೆಗೆದು ಪರೀಕ್ಷಿಸುವ ವ್ಯವಸ್ಥೆ. ಹಾಗೆಯೇ ಆರ್ಟೀಮಿಯಾದಂಥ ಮೇವಿಗೆ ನಾಡಿನ ತಳಿಯನ್ನೇ ಸಾಕಿ ಬಳಸಲು ಸರ್ಕಾರ ಹಣ ಹಾಕಬೇಕು. ಉಳಿದಿರುವ ಸ್ಥಳೀಯ ತಳಿಯ ಮೊಟ್ಟೆಗಳನ್ನು ಈಗಲೇ ಸಂಗ್ರಹಿಸಿ ಕಾಪಿಡಬೇಕು. ಒಣಗಿಸಿಟ್ಟರೆ ವರ್ಷಗಟ್ಟಲೆ ಬದುಕುವ ಅದರ ಗುಣವನ್ನು ಅದರ ಉಳಿವಿಗೇ ಬಳಸಬಹುದು.

ಆಕ್ರಮಣಕಾರಿ ಪ್ರಭೇದಗಳ ಬಗ್ಗೆ 2023ರಲ್ಲಿ ಹೊರಬಂದ ಜಾಗತಿಕ ವರದಿ, ಮನುಷ್ಯ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ದ ಪ್ರಭೇದಗಳು 37,000ಕ್ಕೂ ಹೆಚ್ಚು, ಅವುಗಳಲ್ಲಿ 3,500ಕ್ಕೂ ಹೆಚ್ಚು ಹಾನಿಕರ ಎಂದು ಹೇಳಿತು. ತಡೆಯುವುದೇ ಎಲ್ಲಕ್ಕಿಂತ ಅಗ್ಗದ, ಖಚಿತವಾದ ದಾರಿ ಎಂದೂ ಅದು ಹೇಳಿದೆ. ನಮ್ಮ ಗಜನಿಯ ರೈತರಿಗೆ ಇದು ಹೊಸ ಮಾತಲ್ಲ. ಗಜನಿಗೆ ಒಡ್ಡು, ಒಡ್ಡಿಗೆ ಜಂತ್ರಡಿ. ಭರತ ಬಂದಾಗ ಆ ಮರದ ಬಾಗಿಲನ್ನು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಎಂದು ನೋಡಿಕೊಳ್ಳಲು ಊರವರು ಒಬ್ಬರನ್ನು ನೇಮಿಸುತ್ತಿದ್ದರು. ಆತ ಒಂದು ರಾತ್ರಿ ಮೈಮರೆತರೆ ಉಪ್ಪುನೀರು ನುಗ್ಗಿ ಇಡೀ ಊರಿನ ಭತ್ತ ಹೋಗುತ್ತಿತ್ತು. ಆಮೇಲೆ ಯಾರು ಎಷ್ಟು ಗೋಳಾಡಿದರೂ ಗದ್ದೆಯ ಉಪ್ಪು ಹೋಗಲು ಮುಂದಿನ ಮಳೆಗಾಲವೇ ಬರಬೇಕು. ಕಡಲಿಗೆ ಸೇರಿದ ಪರದೇಶಿ ಜೀವಿಯನ್ನು ತೊಳೆದು ಹಾಕುವ ಮಳೆಗಾಲ ಬರುವುದೇ ಇಲ್ಲ.

ದೇಶದ ಜಂತ್ರಡಿ ಸರ್ಕಾರದ ಕೈಯಲ್ಲಿದೆ. ಮನೆಯದು ನಮ್ಮ ಕೈಯಲ್ಲಿ. ಗಪ್ಪಿ ಮರಿಗಳು ದೊಡ್ಡವಾದ ಮೇಲೆ ಉಳಿದ ಉಪ್ಪುನೀರನ್ನು ಮಗಳು ಸಿಂಕಿಗೆ ಸುರಿಯಲು ಹೊರಟಾಗ ತಡೆದೆ. ಪಾತ್ರೆಗೆ ಹಾಕಿ ಚೆನ್ನಾಗಿ ಕುದಿಸಿ ಆಮೇಲೆ ಚೆಲ್ಲಿದೆವು. ಉಳಿದ ಪುಡಿಯ ಪೊಟ್ಟಣವನ್ನೂ ಹಾಗೇ ಕುದಿಯುವ ನೀರಿಗೆ ಹಾಕಿದೆವು. ನಿಮ್ಮ ಮನೆಯಲ್ಲಿ ಗಾಜಿನ ತೊಟ್ಟಿಯಿದ್ದರೆ ಇಷ್ಟು ಮಾಡಿ. ಸಾಕಿ ಬೇಸರವಾದ ಮೀನನ್ನು, ಸಿಗಡಿಯನ್ನು, ಗಿಡವನ್ನು ಕೆರೆಗೂ ಹೊಳೆಗೂ ಚರಂಡಿಗೂ ಬಿಡಬೇಡಿ. ಸಾಕುವ ಇನ್ನೊಬ್ಬರಿಗೆ ಕೊಡಿ. ಸಣ್ಣದು, ಏನಾಗುತ್ತದೆ ಎಂದುಕೊಳ್ಳಬೇಡಿ. ಇಷ್ಟರವರೆಗೆ ಬಂದು ನೆಲೆಯೂರಿದವುಗಳಲ್ಲಿ ಇಂಥ ಸಣ್ಣವೂ ಎಷ್ಟೋ ಇವೆ.